ಅಪ್ಪನ ಎಡಗಿವಿ

ನಿಪ್ಪಾಣಿಯ ನಮ್ಮ ಮನೆಗೆ ಅದರದೇ ಆದ ಬೀದಿಬಾಗಿಲು ಇರಲಿಲ್ಲ. ಪುಣೆ ರಸ್ತೆಯಿಂದ ಬಂದವರು ಮೊದಲು ಅಪ್ಪನ ಗ್ಯಾರೇಜಿನ ತಗಡಿನ ಶೆಡ್ಡಿಗೆ ಕಾಲಿಡಬೇಕು, ಎಣ್ಣೆ ಕುಡಿದು ಕಪ್ಪಾದ ನೆಲ ದಾಟಬೇಕು, ಬಿಚ್ಚಿಟ್ಟ ಚಕ್ರಗಳ ನಡುವೆ ಸೀರೆ ಎತ್ತಿ ಹಿಡಿದುಕೊಂಡು ನಡೆಯಬೇಕು, ಆಮೇಲೆ ನಮ್ಮ ಹೊಸ್ತಿಲು. ಒಳಗೆ ಒಂದು ನಡುಮನೆ, ಅದರ ಹಿಂದೆ ಅಡಿಗೆಮನೆ, ಅದರ ಹಿಂದೆ ಬಚ್ಚಲು, ಅಷ್ಟೇ. ಅವ್ವ ಹೊಸ್ತಿಲಿಗೆ ಒರಗಿ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಬೀಡಿ ಕಟ್ಟುತ್ತಿದ್ದಳು. ಹೊಸ್ತಿಲಿನ ಆಚೆ ಪೆಟ್ರೋಲಿನ ವಾಸನೆ, ಈಚೆ ತಂಬಾಕಿನ ವಾಸನೆ. ಸಾವಿರಗಟ್ಟಲೆ ಬೀಡಿ ಕಟ್ಟುವ ಆ ಮನೆಯಲ್ಲಿ ಒಂದೇ ಒಂದು ಬೀಡಿ ಹಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಶಾಲೆಯ ಗೆಳತಿಯರು ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಅವರ ಮನೆಗೆ ಹೋದಾಗ ಗಾಳಿಯಲ್ಲಿ ಏನೋ ಕಡಿಮೆ ಇದೆ ಅನ್ನಿಸುತ್ತಿತ್ತು.

ಅಪ್ಪನ ಹೆಸರು ಶಂಕರ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿಯ ಲಾರಿ ಡ್ರೈವರುಗಳೆಲ್ಲ ಅವನನ್ನು ಕರೆಯುತ್ತಿದ್ದದ್ದು ಕಿವಿ ಮಿಸ್ತ್ರಿ ಎಂದು. ರಸ್ತೆಗೆ ಬೆನ್ನು ಹಾಕಿ ಚಹಾ ಕುಡಿಯುತ್ತ ಕೂತವನು, ಹಿಂದೆ ಹಾದುಹೋದ ಗಾಡಿಯ ಯಾವ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ ಎಂದು ಹೇಳಿಬಿಡುತ್ತಿದ್ದ. ಅವನಿಗೆ ಅದೊಂದೇ ಹೆಮ್ಮೆ. ಓದು ಬರುತ್ತಿರಲಿಲ್ಲ, ಮಾತು ಹೆಚ್ಚು ಬರುತ್ತಿರಲಿಲ್ಲ, ಸಿಟ್ಟು ಬಂದರೆ ಹೇಗೆ ಬೈಯಬೇಕು ಎಂಬುದೂ ತಿಳಿಯದೆ ಊಟ ಬಿಟ್ಟು ಎದ್ದುಬಿಡುತ್ತಿದ್ದ. ಕಿವಿಯೊಂದನ್ನು ದೇವರು ಕೊಟ್ಟಿದ್ದಾನೆ, ಅದರಿಂದಲೇ ತಾನು ಮನುಷ್ಯನಾಗಿದ್ದೇನೆ ಎಂದು ಅವನು ನಂಬಿದ್ದ. ಈ ನಂಬಿಕೆಯನ್ನು ಕಾಯಲು ಹೋಗಿ ನಾನೂ ಅವ್ವನೂ ಏನು ಮಾಡಿದೆವು ಎಂಬುದನ್ನು ಬರೆಯದೆ ನನ್ನ ಬಾಲ್ಯವನ್ನು ಬರೆದರೆ ಅದು ಸುಳ್ಳಾಗುತ್ತದೆ.

ಊಟಕ್ಕೆ ನಾವು ಅಡಿಗೆಮನೆಯ ನೆಲದ ಮೇಲೆ ಕೂಡುತ್ತಿದ್ದೆವು. ಅಪ್ಪ ಗೋಡೆಗೆ ಬೆನ್ನು ಕೊಟ್ಟು, ಅವನ ಎಡಕ್ಕೆ ಸೀಮೆಎಣ್ಣೆ ಸ್ಟೋ ಹಾಗೂ ಅವ್ವ, ಬಲಕ್ಕೆ ನಾನು. ಆ ವರ್ಷ ಬೇಸಿಗೆಯಿಂದ ಅವರಿಬ್ಬರ ನಡುವೆ ಒಂದು ಜಗಳ ಹೊಗೆಯಾಡುತ್ತಿತ್ತು. ಅವ್ವ ರೊಟ್ಟಿ ಬೇಕೇ ಎಂದು ಕೇಳುವಳು, ಅಪ್ಪ ಉತ್ತರಿಸದೆ ಉಣ್ಣುವನು. ಅವಳು ಝುಣಕದ ಪಾತ್ರೆಯನ್ನು ಸದ್ದು ಮಾಡಿ ಕುಕ್ಕುವಳು. ತನ್ನನ್ನು ಕಂಡರೆ ಗಂಡನಿಗೆ ಸಾಕಾಗಿದೆ, ಬಾಯಿಬಿಟ್ಟು ಹೇಳಲಾರದೆ ಮೌನ ಹಿಡಿದಿದ್ದಾನೆ ಎಂದು ಅವಳ ಲೆಕ್ಕ. ಅವನಿಗೋ, ಹೆಂಡತಿ ಯಾಕೆ ಪಾತ್ರೆ ಕುಕ್ಕುತ್ತಾಳೆ ಎಂಬುದೇ ತಿಳಿಯುತ್ತಿರಲಿಲ್ಲ. ನಾನು ನಡುವೆ ತಲೆ ತಗ್ಗಿಸಿಕೊಂಡು ಉಂಡು ಎದ್ದುಬಿಡುತ್ತಿದ್ದೆ.

ಕಾರು ಬಂದದ್ದು ಆ ಬೇಸಿಗೆಯಲ್ಲೇ. ತಂಬಾಕು ವ್ಯಾಪಾರದ ದಾದಾಸಾಹೇಬರು ಕೊಲ್ಹಾಪುರದ ಯಾವುದೋ ಹಳೆಯ ವಾಡೆಯಿಂದ ಅದನ್ನು ತಂದಿದ್ದರು. ಎರಡೇ ಸೀಟಿನ, ನೆಲಕ್ಕೆ ಕೂತಂತಿರುವ ಹಸಿರು ಬಣ್ಣದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಊರಿಗೆ ಹೊಸ ಸಣ್ಣ ಕಾರುಗಳು ಬರತೊಡಗಿದ್ದ ಕಾಲ ಅದು, ಎಲ್ಲರೂ ಅವುಗಳ ಹಿಂದೆ ಬಿದ್ದಿದ್ದರೆ ದಾದಾಸಾಹೇಬರು ಮಾತ್ರ ಹಳೆಯದರ ಹಿಂದೆ ಬಿದ್ದಿದ್ದರು. ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿ ಎಳೆದುಕೊಂಡು ಬಂದು ನಮ್ಮ ಶೆಡ್ಡಿನಲ್ಲಿ ಬಿಟ್ಟರು. ದಸರೆಯ ದಿನ ಇದರಲ್ಲೇ ಗಡಿ ದಾಟಿ ಸೀಮೋಲ್ಲಂಘನ ಮಾಡಿ, ಕೊಲ್ಹಾಪುರದ ಬೀಗರ ಮನೆ ಮುಂದೆ ನಿಲ್ಲಿಸಬೇಕು ಎಂಬುದು ಅವರ ಹಟ. ಅಪ್ಪ ಇಂಜಿನ್ನನ್ನು ಪೂರ್ತಿ ಬಿಚ್ಚಿ, ಒಂದೊಂದು ಬಿಡಿಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಅವ್ವನ ಹಳೆಯ ಸೀರೆಯ ಮೇಲೆ ಒಣಗಿಸಿ, ಶ್ರಾವಣದ ಹೊತ್ತಿಗೆ ಮತ್ತೆ ಜೋಡಿಸಿದ. ಅದು ಮೊದಲ ಸಲ ಚಾಲೂ ಆದ ದಿನ ಅವ್ವ ಬೀಡಿ ಕಟ್ಟುವುದನ್ನು ಬಿಟ್ಟು ಎದ್ದು ಬಂದು ಅದರ ಮೂತಿಗೆ ಆರತಿ ಎತ್ತಿದಳು.

ಆ ಇಂಜಿನ್ನಿಗೆ ಕಾರ್ಬೊರೇಟರು ಎರಡು, ಮುಂದೊಂದು, ಹಿಂದೊಂದು. ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಇಂಜಿನ್ನಿಗೆ ಕುಡಿಸುವುದು ಅವುಗಳ ಕೆಲಸ. ಎರಡೂ ಒಂದೇ ಸಮನಾಗಿ ಗಾಳಿ ಎಳೆಯಬೇಕು, ಇಲ್ಲದಿದ್ದರೆ ಇಂಜಿನ್ನು ನಡುಗುತ್ತದೆ. ಗಾಳಿಗೆ ಮೇಲೊಂದು ಸ್ಕ್ರೂ, ಪೆಟ್ರೋಲಿಗೆ ಕೆಳಗೊಂದು ಆರು ಮುಖದ ನಟ್ಟು. ಗಾಳಿಯ ಸಮವನ್ನು ಕಿವಿಯಿಂದಲೇ ಕೇಳಿ ತಿಳಿಯಬೇಕು. ಬೇರೆ ಮಿಸ್ತ್ರಿಗಳು ಒಂದು ರಬ್ಬರ್ ನಳಿಗೆ ಹಿಡಿದು ಒಮ್ಮೆ ಇದರ ಬಾಯಿಗೆ, ಒಮ್ಮೆ ಅದರ ಬಾಯಿಗೆ ಇಟ್ಟು ಕೇಳುತ್ತಿದ್ದರು. ಅಪ್ಪನಿಗೆ ಅದು ಒಗ್ಗದು. ಡಾಕ್ಟರರೊಬ್ಬರು ಎಸೆದಿದ್ದ ಸ್ಟೆತಸ್ಕೋಪನ್ನು ತಂದು, ಅದರ ಎರಡು ಕಿವಿಗಳಿಗೆ ಎರಡು ಬೇರೆ ಬೇರೆ ನಳಿಗೆ ಸಿಕ್ಕಿಸಿಕೊಂಡಿದ್ದ. ಮುಂದಿನ ಕಾರ್ಬೊರೇಟರು ಎಡಗಿವಿಗೆ, ಹಿಂದಿನದು ಬಲಗಿವಿಗೆ. ಎರಡನ್ನೂ ಏಕಕಾಲಕ್ಕೆ ಕೇಳುತ್ತ, ತಕ್ಕಡಿ ಹಿಡಿದವರ ಹಾಗೆ ಕಣ್ಣು ಮುಚ್ಚಿ ನಿಂತು, ಸ್ಕ್ರೂ ತಿರುಗಿಸುತ್ತಿದ್ದ. ಅದು ಅವನದೇ ಪದ್ಧತಿ, ಬೇರೆ ಯಾರಿಗೂ ಕಲಿಸಿರಲಿಲ್ಲ.

ಶ್ರಾವಣದ ಒಂದು ಬೆಳಗ್ಗೆ ನಾನು ಶಾಲೆಗೆ ಹೊರಟಾಗ ಕರೆದ. ನಾನಾಗ ಏಳನೆಯ ಇಯತ್ತೆ. ಅವನ ಮುಖ ಅರಳಿತ್ತು.

“ಬಾ ಇಲ್ಲೆ ಸುನಂದಾ, ಕೇಳ ನೋಡು. ಎರಡೂ ಒಂದ ಸಮ ಉಸರಾಡಾಕತ್ತಾವ. ಹಿಂಗ ಕೂಡ್ಸವ್ರು ಕೊಲ್ಲಾಪುರದಾಗೂ ಸಿಗಾಂಗಿಲ್ಲ.”

ನಳಿಗೆಗಳನ್ನು ಕಿವಿಗೆ ಹಾಕಿಕೊಂಡೆ. ಎಡಗಿವಿಯಲ್ಲಿ ಕಂಬಾರರ ತಿದಿ ಊದಿದ ಹಾಗೆ ದೊಡ್ಡ ಸದ್ದು. ಬಲಗಿವಿಯಲ್ಲಿ ಹಾಲು ಕಾಯುವಾಗಿನಷ್ಟು ಸಣ್ಣ ಸದ್ದು. ನಾನೇ ಏನೋ ತಪ್ಪಾಗಿ ಹಾಕಿಕೊಂಡೆನೆಂದು ನಳಿಗೆ ಅದಲುಬದಲು ಮಾಡಿ ನೋಡಿದೆ. ಸದ್ದೂ ಅದಲುಬದಲಾಯಿತು. ಮುಂದಿನದು ಅಷ್ಟು ದೊಡ್ಡದಾಗಿ ತೆರೆದುಕೊಂಡಿತ್ತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

“ಹೌದಲ್ಲ?”

“ಹೌದಪ್ಪಾ. ಎರಡೂ ಒಂದ ಸಮ ಅದಾವ,” ಅಂದೆ.

ಯಾಕೆ ಹಾಗಂದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಅವನ ಮುಖ ನೋಡಿ ಅಂದೆ, ಅಷ್ಟೇ. ಶಾಲೆಯಲ್ಲಿ ಇಡೀ ದಿನ ಅದೇ ಯೋಚನೆ. ಎಡಗಿವಿಗೆ ಅಷ್ಟು ದೊಡ್ಡ ಸದ್ದು ಬಂದರೆ ಮಾತ್ರ ಅಪ್ಪನಿಗೆ ಅದು ಬಲಗಿವಿಯ ಸಣ್ಣ ಸದ್ದಿಗೆ ಸಮವಾಗಿ ಕೇಳುತ್ತದೆ ಎಂದರೆ ಏನರ್ಥ ಎಂಬುದು ಮಗ್ಗಿ ಹೇಳುವಾಗ ಹೊಳೆಯಿತು. ಮನೆಗೆ ಬಂದವಳೇ ಅವ್ವನ ಪಕ್ಕ ಕೂತು ಎಲ್ಲ ಹೇಳಿದೆ. ಎಲೆ ಕತ್ತರಿಸುತ್ತಿದ್ದ ಅವಳ ಕತ್ತರಿ ನಿಂತಿತು.

“ಅಂದ್ರ ಬ್ಯಾಸಗಿಯಿಂದ ನಾ ಕರದದ್ದು ಅವರಿಗೆ ಕೇಳೇ ಇಲ್ಲ,” ಅಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಗಂಡನಿಗೆ ತನ್ನ ಮೇಲೆ ಸಿಟ್ಟಿಲ್ಲ ಎಂಬ ಸಮಾಧಾನಕ್ಕೆ ಅತ್ತಳೋ, ಅವನ ಕಿವಿ ಹೋಯಿತೆಂದು ಅತ್ತಳೋ, ಎರಡೂ ಇದ್ದೀತು. ಆಮೇಲೆ ಮುಖ ಒರೆಸಿಕೊಂಡು ನನ್ನ ರಟ್ಟೆ ಹಿಡಿದಳು.

“ನಿಮ್ಮಪ್ಪಗ ಹೇಳಬ್ಯಾಡ. ಊರಾಗ ಯಾರ ಮುಂದೂ ಬಾಯಿ ಬಿಡಬ್ಯಾಡ. ಕಿವಿ ಮಿಸ್ತ್ರಿಗೆ ಕಿವಿ ಇಲ್ಲ ಅಂದ್ರ ಮಂದಿ ನಗತಾರ. ಮಂದಿ ನಕ್ಕರ ಅವರು ಬದಕಾಂಗಿಲ್ಲ.”

ಅಂದು ಸಂಜೆ ಅವ್ವ ಸ್ಟೋ ಎತ್ತಿ ಅಪ್ಪನ ಬಲಗಡೆಗೆ ಇಟ್ಟಳು. ಕಿಟಕಿಯ ಗಾಳಿಗೆ ಉರಿ ಆರುತ್ತದೆ ಎಂದು ನೆಪ ಹೇಳಿದಳು. ಇನ್ನು ಮೇಲೆ ನಾವಿಬ್ಬರೂ ಅವನ ಬಲಕ್ಕೆ. ಅವಳು ಕೇಳಿದ್ದಕ್ಕೆಲ್ಲ ಅವನು ಓ ಎಂದ, ಇನ್ನೊಂದು ರೊಟ್ಟಿ ಹಾಕಿಸಿಕೊಂಡ, ಎಷ್ಟೋ ತಿಂಗಳ ಮೇಲೆ ನಮ್ಮ ಅಡಿಗೆಮನೆಯಲ್ಲಿ ನಗು ಕೇಳಿತು. ಸುಳ್ಳಿನಿಂದ ಮನೆಗೆ ಇಷ್ಟು ಸುಖ ಬರುವುದಾದರೆ ಅದು ತಪ್ಪಲ್ಲ ಎಂದು ನನಗೆ ಅನ್ನಿಸಿತು.

ಮರುದಿನ ಸಂಜೆ ದಾದಾಸಾಹೇಬರು ತಮ್ಮ ತಂಬಾಕಿನ ವಖಾರಿ ಮುಚ್ಚಿಸಿ, ಇಬ್ಬರು ಗೆಳೆಯರನ್ನು ಕರೆದುಕೊಂಡು ಕಾರಿನ ಸದ್ದು ಕೇಳಲು ಬಂದರು. ಅಪ್ಪ ಚಾಲೂ ಮಾಡಿದ. ಅದು ಗಡಗಡ ನಡುಗಿತು, ಕರಿ ಹೊಗೆ ಬಿಟ್ಟಿತು.

“ಕಾಯ್ ಮಿಸ್ತ್ರಿ, ನಾ ನಿಮ್ಗ ಕಾರು ಕೊಟ್ಟಿದ್ದೆ, ಇದು ಟ್ರ್ಯಾಕ್ಟರ್ ಆಗೇತಲ್ಲರಿ?” ಅಂದರು ದಾದಾಸಾಹೇಬರು. ಗೆಳೆಯರು ನಕ್ಕರು. ಅಪ್ಪ ನಗಲಿಲ್ಲ. ಹೊಸ್ತಿಲಲ್ಲಿ ಕೂತಿದ್ದ ಅವ್ವನ ಮುಖ ಕಪ್ಪಿಟ್ಟಿತು. ಅವರು ಹೋದ ಮೇಲೆ ಅವಳು ನನ್ನನ್ನು ಬಚ್ಚಲಿಗೆ ಕರೆದು, “ನಿನಗ ಸರಿ ಮಾಡಾಕ ಬರತೈತೇನ?” ಎಂದು ಕೇಳಿದಳು. ನಾನು ಹುಟ್ಟಿದಾಗಿನಿಂದ ಆ ಶೆಡ್ಡಿನಲ್ಲೇ ಬೆಳೆದವಳು. ಬರುತ್ತದೆ ಅಂದೆ.

ಅಪ್ಪ ಮಧ್ಯಾಹ್ನ ಉಂಡು ನಡುಮನೆಯಲ್ಲಿ ಒಂದು ಗಂಟೆ ಮಲಗುತ್ತಿದ್ದ. ಮಲಗುವುದು ಬಲ ಮಗ್ಗುಲಿಗೆ. ಒಳ್ಳೆಯ ಕಿವಿ ದಿಂಬಿಗೆ ಒತ್ತಿಕೊಂಡರೆ ಅವನ ಪಾಲಿಗೆ ಲೋಕವೇ ಇಲ್ಲ, ಪಕ್ಕದಲ್ಲೇ ಕಾರು ಚಾಲೂ ಮಾಡಿದರೂ ಏಳುತ್ತಿರಲಿಲ್ಲ. ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ನಾನು ಓಡಿ ಬರುವೆ. ಅವ್ವ ಹೊಸ್ತಿಲಲ್ಲಿ ಕಾವಲು. ಒಂದೇ ನಳಿಗೆ ಹಿಡಿದು, ಒಂದೇ ಕಿವಿಯಿಂದ, ಮುಂದಿನದನ್ನೂ ಹಿಂದಿನದನ್ನೂ ಕೇಳಿ, ಮುಂದಿನದರ ಗಾಳಿಯ ಸ್ಕ್ರೂ ಇಳಿಸುವೆ. ಹೆಚ್ಚಿನ ಗಾಳಿಗೆಂದು ಅವನು ಹೆಚ್ಚಾಗಿ ಬಿಟ್ಟಿದ್ದ ಪೆಟ್ರೋಲನ್ನು ಕಡಿಮೆ ಮಾಡಲು ಕೆಳಗಿನ ನಟ್ಟನ್ನು ಮೂರು ಮುಖ ತಿರುಗಿಸುವೆ. ಕೆಲವೇ ದಿನಗಳಲ್ಲಿ ಕೇಳುವ ಅಗತ್ಯವೂ ಬೀಳಲಿಲ್ಲ. ಸ್ಕ್ರೂ ಅರ್ಧ ಸುತ್ತು, ನಟ್ಟು ಮೂರು ಮುಖ. ಕೈ ತಾನೇ ಲೆಕ್ಕ ಕಲಿಯಿತು. ಸಂಜೆ ದಾದಾಸಾಹೇಬರು ಬಂದು ಕೇಳಿ ವಾಹ್ ಮಿಸ್ತ್ರಿ ಎನ್ನುವರು. ಅಪ್ಪ ಮಾತ್ರ ಬೆಪ್ಪಾಗಿ ನಿಲ್ಲುವನು. ಮರುದಿನ ಬೆಳಗ್ಗೆ ನಳಿಗೆ ಹಾಕಿಕೊಂಡು ಕೇಳಿದರೆ ಅವನ ಎಡಗಿವಿಗೆ ಮುಂದಿನದು ಸತ್ತ ಹಾಗೆ ಕೇಳುವುದು. ಮತ್ತೆ ತೆರೆಯುವನು. ಮಧ್ಯಾಹ್ನ ನಾನು ಮತ್ತೆ ಮುಚ್ಚುವೆ. ಶ್ರಾವಣ ಕಳೆಯಿತು, ಗಣಪತಿ ಕೂತು ಎದ್ದುಹೋದ, ನಮ್ಮಿಬ್ಬರ ಈ ಕುಸ್ತಿ ನಿಲ್ಲಲಿಲ್ಲ. ಕುಸ್ತಿ ನಡೆದಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಮೊದಮೊದಲು ಅವನು ನಟ್ಟಿನ ಸ್ಪ್ರಿಂಗು ಸಡಿಲವಾಗಿದೆ ಎಂದುಕೊಂಡ. ಕೊಲ್ಹಾಪುರಕ್ಕೆ ಹೋಗಿ ಹೊಸದು ತಂದು ಹಾಕಿದ. ಆಮೇಲೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಬಾನೆಟ್ಟಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಒಂದು ದಿನ ನನ್ನ ಎರಡೂ ಭುಜ ಹಿಡಿದು ಕೇಳಿದ.

“ನಿನ್ನೆ ಮುಂಜಾನೆ ನಾ ಇದನ್ನ ತಿರುವೀನಿ, ಹೌದಲ್ಲ? ನೀ ಕಣ್ಣಾರೆ ನೋಡಿದಿ, ಹೌದಲ್ಲ?”

“ನೋಡೇನಪ್ಪಾ.”

“ಹಂಗಾರ ಇದು ಮತ್ತ ಹೆಂಗ ಹಿಂದ ಬಂತು?”

“ನನಗೇನ ಗೊತ್ತು,” ಅಂದೆ. ನನ್ನ ಜೀವನದಲ್ಲಿ ಇದಕ್ಕಿಂತ ಹೀನವಾದ ಮಾತನ್ನು ನಾನು ಆಡಿಲ್ಲ.

ಆ ಮೇಲೆ ಅವನು ಬೇರೆ ಗಾಡಿಗಳ ಕೆಲಸದಲ್ಲೂ ತನ್ನನ್ನು ನಂಬದಾದ. ಲಾರಿಯ ಚಕ್ರದ ನಟ್ಟು ಬಿಗಿ ಮಾಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಮುಟ್ಟಿ ನೋಡುವನು. ಡ್ರೈವರ್ ಗಾಡಿ ತೆಗೆದ ಮೇಲೂ ಓಡಿ ಹೋಗಿ ನಿಲ್ಲಿಸುವನು. ಕಿವಿ ಮಿಸ್ತ್ರಿಗೆ ತಲೆ ಕೆಟ್ಟಿದೆ ಎಂದು ರಸ್ತೆಯಲ್ಲಿ ಮಾತು ಹಬ್ಬಿತು. ಜನ ನಗಬಾರದೆಂದು ನಾವು ಇಷ್ಟೆಲ್ಲ ಮಾಡಿದ್ದು, ಜನ ನಗಲಿಕ್ಕೇ ಹತ್ತಿದರು. ಒಂದು ಊಟದ ಹೊತ್ತು ಅವ್ವ ತಡೆಯಲಾರದೆ ಅಂದಳು.

“ಆ ಗಾಡಿ ಅವರ ಮನಿಗೆ ಕಳಿಸಿಬಿಡ್ರಿ. ನಮಗದು ಒಗ್ಗವಲ್ದು.”

ಅಪ್ಪ ನೀರಿನ ತಂಬಿಗೆಯನ್ನು ಗೋಡೆಗೆ ಬೀಸಿ ಒಗೆದ. ಹಾಗೆ ಅವನು ಎಂದೂ ಮಾಡಿದವನಲ್ಲ. ಆಮೇಲೆ ತನ್ನ ಎರಡೂ ಅಂಗೈಗಳನ್ನು ದೀಪದ ಬೆಳಕಿಗೆ ಹಿಡಿದು ನೋಡಿದ.

“ನನ್ನ ಕಿವಿ ಖರೇ ಅದಾವ. ಅವು ನನಗ ಎಂದೂ ಮೋಸ ಮಾಡಿಲ್ಲ. ಈ ಕೈಗೆ ಏನೋ ಆಗೇತಿ. ನಾ ಒಂದು ಮಾಡಿದ್ರ ಇವು ಒಂದು ಮಾಡಾಕತ್ತಾವ. ನನಗ ಹುಚ್ಚು ಹಿಡ್ಯಾಕತ್ತೈತಿ ನೋಡು.”

ಅವ್ವ ಬಾಯಿ ತೆರೆದಳು. ಈಗ ಹೇಳುತ್ತಾಳೆ ಎಂದು ನಾನು ಅವಳ ಮುಖವನ್ನೇ ನೋಡಿದೆ. ಹೇಳಬೇಕಾದ ಹೊತ್ತು ಅದೇ ಆಗಿತ್ತು, ಅದರ ನಂತರ ಅಂಥದ್ದು ಮತ್ತೆ ಬರಲಿಲ್ಲ. ಆದರೆ ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಹೇಗೆ ಬಿಚ್ಚುವುದು? ಅವಳು ಬಾಯಿ ಮುಚ್ಚಿ ಚೆಲ್ಲಿದ ನೀರು ಒರೆಸಿದಳು. ನಾನು ತಂಬಿಗೆ ಹುಡುಕಿ ತಂದೆ, ಅದರ ಒಂದು ಮಗ್ಗುಲು ತಗ್ಗು ಬಿದ್ದಿತ್ತು.

ಖಂಡೇನವಮಿಯ ಹಿಂದಿನ ದಿನ ಅಪ್ಪ ಬೆಳಗಿನಿಂದ ಸುಮ್ಮನೆ ಶೆಡ್ಡಿನಲ್ಲಿ ಒಬ್ಬನೇ ಇದ್ದ. ಮಧ್ಯಾಹ್ನ ಮಲಗಲಿಲ್ಲ, ಕಾರು ತೆಗೆದುಕೊಂಡು ಚಿಕ್ಕೋಡಿ ರಸ್ತೆಗೆ ಹೋದವನು ಸಂಜೆಗೆ ಬಂದ. ಅವನ ಮುಖ ಶಾಂತವಾಗಿತ್ತು. ಉಂಡ, ನಾಳೆ ಹೋಳಿಗೆ ಮಾಡು ಎಂದು ಅವ್ವನಿಗೆ ಹೇಳಿದ. ಸೋತು ಕೈಬಿಟ್ಟವನ ಶಾಂತಿ ಎಂದು ನಾವು ತಿಳಿದೆವು. ಏನಾಯಿತು ಎಂದು ನಾವಿಬ್ಬರೂ ಕೇಳಲಿಲ್ಲ. ಮನೆಯಲ್ಲಿ ಅಷ್ಟು ಹೊತ್ತಿಗೆ ಪ್ರಶ್ನೆ ಕೇಳುವುದೇ ನಮಗೆ ಹೆದರಿಕೆಯಾಗಿತ್ತು.

ನವಮಿಯ ದಿನ ನಮ್ಮಲ್ಲಿ ಹತ್ಯಾರಗಳಿಗೆ ಪೂಜೆ. ಪಾನಾ, ಸ್ಕ್ರೂಡ್ರೈವರ್, ಸುತ್ತಿಗೆ ಎಲ್ಲವನ್ನೂ ತೊಳೆದು ಮಣೆಯ ಮೇಲೆ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಚೆಂಡುಹೂ ಏರಿಸುವುದು. ಪೂಜೆಗೆ ಕೂತ ಹತ್ಯಾರವನ್ನು ದಶಮಿಯ ತನಕ ಎತ್ತಬಾರದು. ಯಂತ್ರವನ್ನೂ ಅಂದು ಚಾಲೂ ಮಾಡಬಾರದು, ಅದಕ್ಕೂ ಒಂದು ದಿನ ವಿಶ್ರಾಂತಿ. ಅಪ್ಪ ಆ ಎರಡು ನಳಿಗೆಗೂ ಹೂವು ಸುತ್ತಿ ಇಟ್ಟ. ಕಾರಿಗೆ ಮಾಲೆ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟು ಎತ್ತಿ ಕುಂಕುಮದ ಹೆಬ್ಬೆರಳನ್ನು ಒಳಗೆಲ್ಲೋ ಒತ್ತಿದ. “ಇನ್ನ ಹಂದಾಡಾಂಗಿಲ್ಲ. ತಾಯಿಗೆ ಒಪ್ಪಿಸೇನಿ,” ಅಂದ. ಇಂಜಿನ್ನಿಗೆ ಕುಂಕುಮ ಹಚ್ಚಿದ ಎಂದಷ್ಟೇ ತಿಳಿದು ನಾನು ಊದಿನಕಡ್ಡಿ ಹಚ್ಚಲು ಹೋದೆ.

ಹೋಳಿಗೆ ಉಂಡು ಅವನು ಮಲಗಿದ ಮೇಲೆ ಅವ್ವ ನನ್ನ ಹತ್ತಿರ ಬಂದಳು.

“ನಾಳೆ ಸಾಹೇಬ್ರು ಗಾಡಿ ಒಯ್ತಾರ. ಇದೊಂದು ಸರ್ತಿ ತಿರುವಿ ಬಂದುಬಿಡು.”

“ಇವತ್ತ ಚಾಲೂ ಮಾಡಬಾರದಲ್ಲವ್ವಾ. ಹತ್ಯಾರ ಎಲ್ಲಾ ಪೂಜಾದಾಗ ಅದಾವ.”

ಅವ್ವ ಮಣೆಯ ಮೇಲಿನ ಹತ್ಯಾರಗಳ ಕಡೆ ನೋಡಿದಳು. “ಬೆರಳು ಹತ್ಯಾರ ಅಲ್ಲ. ದಿನಾ ಎಷ್ಟ ತಿರುವತಿ ಅಷ್ಟ ತಿರುವು,” ಅಂದಳು.

ಗಾಳಿಯ ಸ್ಕ್ರೂ ತಿರುಗಿಸಲು ಸ್ಕ್ರೂಡ್ರೈವರ್ ಬೇಕು, ಅದನ್ನು ಬಿಟ್ಟೆ. ಕೆಳಗಿನ ನಟ್ಟಿಗೆ ಬೆರಳು ಸಾಕು. ಬಾನೆಟ್ಟಿನ ಕೆಳಗೆ ಕೈ ತೂರಿಸಿ, ಕಣ್ಣಿಗೆ ಕಾಣದ ಆ ನಟ್ಟನ್ನು ಹಿಡಿದು ಒಂದು, ಎರಡು, ಮೂರು ಎಂದು ತಿರುಗಿಸಿದೆ. ಇಂಜಿನ್ನು ಚಾಲೂ ಇರಲಿಲ್ಲ, ಕೇಳುವಂತಿರಲಿಲ್ಲ, ಕೇಳಬೇಕೆಂದು ನನಗೆ ಅನ್ನಿಸಲೂ ಇಲ್ಲ. ಕೈ ಹೊರತೆಗೆದಾಗ ಬೆರಳು ಕೆಂಪಾಗಿತ್ತು. ಅಂದು ಮನೆಯಲ್ಲಿ ಮುಟ್ಟಿದ್ದೆಲ್ಲ ಕುಂಕುಮವೇ. ಲಂಗಕ್ಕೆ ಒರೆಸಿಕೊಂಡೆ, ಉಗುರಿನ ಸಂದಿಯಲ್ಲಿ ಸ್ವಲ್ಪ ಉಳಿಯಿತು.

ದಶಮಿಯ ಮಧ್ಯಾಹ್ನ ದಾದಾಸಾಹೇಬರು ಹೆಂಡತಿಯನ್ನು ಕರೆದುಕೊಂಡು ಬಂದರು. ರಸ್ತೆಯಲ್ಲಿ ಹಲಗೆ ಬಡಿತ, ಪಟಾಕಿ, ಪಲ್ಲಕ್ಕಿಯ ಗದ್ದಲ. ಆ ಗದ್ದಲದಲ್ಲಿ ಇಂಜಿನ್ನಿನ ಸದ್ದು ಯಾರಿಗೂ ಕೇಳಲಿಲ್ಲ, ಅಪ್ಪನಿಗೂ. ನಿಂಬೆಹಣ್ಣು ಅಪ್ಪಚ್ಚಿಯಾದವು, ಹಸಿರು ಕಾರು ಕೊಲ್ಹಾಪುರದ ಕಡೆ ಹೊರಟಿತು. ಅದು ಕಣ್ಮರೆಯಾಗುವ ತನಕ ಅಪ್ಪ ರಸ್ತೆಯ ನಡುವೆ ನಿಂತಿದ್ದ. ತಿರುಗಿ ಬಂದವನು ನನ್ನ ತಲೆಯ ಮೇಲೆ ಕೈಯಿಟ್ಟು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಒಂದು ಗಂಟೆಯೊಳಗೆ ವಖಾರಿಯ ಜೀಪು ಬಂತು. ಸಾಹೇಬರ ಗಾಡಿ ಕೊಗನೊಳಿ ಹತ್ತಿರ ನಿಂತುಬಿಟ್ಟಿದೆ, ಮಿಸ್ತ್ರಿ ಬರಬೇಕಂತೆ. ಅಪ್ಪ ಮಣೆಯ ಮೇಲಿಂದ ಹತ್ಯಾರ ಎತ್ತಿಕೊಂಡ. ನಾನು ಹೊಸ ಲಂಗದಲ್ಲೇ ಜೀಪು ಹತ್ತಿದೆ, ಅಪ್ಪ ಬೇಡ ಅನ್ನಲಿಲ್ಲ. ಗಡಿ ಇನ್ನೂ ಕೂಗಳತೆ ದೂರದಲ್ಲಿರುವಾಗ ಕಾರು ರಸ್ತೆಯ ಬದಿಗೆ ನಿಂತಿತ್ತು. ಬಾನೆಟ್ಟಿನಿಂದ ನೀಲಿ ಹೊಗೆ ಬರುತ್ತಿತ್ತು. ಬೀಗರ ಮುಂದೆ ಮೆರೆಯಬೇಕಿದ್ದ ಸಾಹೇಬರ ಹೆಂಡತಿ ಜರಿ ಸೀರೆಯಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದರು. ದಸರೆಯ ದಿನ ಸೀಮೆ ದಾಟಲು ಹೊರಟವರು ಸೀಮೆಯ ಈಚೆಗೇ ನಿಂತಿದ್ದು ಶುಭವಲ್ಲ ಎಂದು ನೆರೆದ ಮಂದಿ ಮಾತಾಡಿಕೊಳ್ಳುತ್ತಿದ್ದರು.

ಅಪ್ಪ ನಾಲ್ಕೂ ಪ್ಲಗ್ಗು ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡ. ಹಿಂದಿನೆರಡು ಒಣಗಿದ ತಂಬಾಕಿನ ಬಣ್ಣ. ಸರಿಯಾದ ಬಣ್ಣ ಅದೇ. ಮುಂದಿನೆರಡು ಬೂದಿಯಂತೆ ಬಿಳಿ. ಪೆಟ್ರೋಲು ಕಡಿಮೆಯಾದರೆ ಇಂಜಿನ್ನು ತಣ್ಣಗಿರುತ್ತದೆ ಎಂದು ತಿಳಿಯದವರು ಅಂದುಕೊಳ್ಳುತ್ತಾರೆ. ಆಗುವುದು ತಿರುಗಮುರುಗ. ಎಣ್ಣೆ ಸಾಲದ ಹಂಚಿನಲ್ಲಿ ದೋಸೆ ಸುಡುವ ಹಾಗೆ ಒಳಗೆಲ್ಲ ಸುಡುತ್ತದೆ. ಮುಂದಿನ ಪಿಸ್ಟನ್ನು ತೂತು ಬಿದ್ದಿತ್ತು. ಅಪ್ಪ ಬಗ್ಗಿ, ತಲೆಯನ್ನು ಪೂರ್ತಿ ಒಳಗೆ ಹಾಕಿ, ಕೆಳಗಿನ ನಟ್ಟನ್ನು ನೋಡಿದ. ನಾನೂ ಪಕ್ಕದಿಂದ ಬಗ್ಗಿ ನೋಡಿದೆ. ಅದರ ಒಂದು ಮುಖದ ಮೇಲೆ ಕುಂಕುಮದ ಬೊಟ್ಟು ಇತ್ತು. ಎದುರಿಗೆ ಕಾಣುವಂತೆ ಅವನು ಹಚ್ಚಿದ್ದ ಬೊಟ್ಟು ಈಗ ಹಿಂದಕ್ಕೆ, ಇಂಜಿನ್ನಿನ ಕಡೆಗೆ ತಿರುಗಿತ್ತು. ಅವನು ಬೆರಳಿನಿಂದ ಮುಖಗಳನ್ನು ಮುಟ್ಟಿ ಎಣಿಸಿದ. ಒಂದು, ಎರಡು, ಮೂರು. ಆಮೇಲೆ ನನ್ನ ಕೈ ನೋಡಿದ. ನಾನು ಬೆರಳುಗಳನ್ನು ಲಂಗದ ನೆರಿಗೆಯಲ್ಲಿ ಮುಚ್ಚಿಕೊಂಡೆ, ಆದರೆ ಅಷ್ಟರಲ್ಲಿ ತಡವಾಗಿತ್ತು.

“ಏನಾಗೇತಿ ಮಿಸ್ತ್ರಿ?” ಎಂದು ದಾದಾಸಾಹೇಬರು ಕೇಳಿದರು. ದನಿಯಲ್ಲಿ ಸಿಟ್ಟಿತ್ತು. ಮಂದಿ ಹತ್ತಿರ ಸರಿದರು.

ಅಪ್ಪ ಹೆಬ್ಬೆರಳಿನಿಂದ ಆ ಬೊಟ್ಟನ್ನು ಒರೆಸಿ ಎದ್ದು ನಿಂತ.

“ತಪ್ಪು ನಂದ್ರಿ ಸಾಹೇಬ್ರ. ನನ್ನ ಎಡಗಿವಿ ಹೋಗೇತ್ರಿ. ನಿಮಗ ಹೇಳಲಿಲ್ಲ. ಕೇಳಲಾರದ ಕಿವೀಲೆ ಗಾಡಿ ಕೂಡ್ಸಿ ಕೊಟ್ಟೆ.”

ಅಷ್ಟು ಮಂದಿಯ ಮುಂದೆ, ಗಟ್ಟಿಯಾಗಿ ಹೇಳಿದ. ಯಾವ ಮಾತು ಹೊರಗೆ ಬರಬಾರದೆಂದು ನಾವು ಅವನನ್ನು ಹುಚ್ಚನ ಹಾಗೆ ಮಾಡಿದ್ದೆವೋ ಆ ಮಾತನ್ನು ನನ್ನನ್ನು ಉಳಿಸಲು ಅವನೇ ಆಡಿದ. ಯಾರೋ ಒಬ್ಬ ನಕ್ಕ. ದಾದಾಸಾಹೇಬರು ನಗಲಿಲ್ಲ, ಬೈಯಲೂ ಇಲ್ಲ, ಹೆಂಡತಿಯನ್ನು ಕರೆದುಕೊಂಡು ಜೀಪು ಹತ್ತಿ ಊರಿಗೆ ತಿರುಗಿದರು. ನನಗೆ ಭೂಮಿ ಬಾಯಿ ತೆರೆದರೆ ಸಾಕು ಅನ್ನಿಸಿತ್ತು.

ನಾವಿಬ್ಬರೂ ನಡೆದು ಹೊರಟೆವು. ನಾನು ರೂಢಿಯಂತೆ ಅವನ ಬಲಕ್ಕೆ ನಡೆಯುತ್ತಿದ್ದೆ. ಕಬ್ಬಿನ ಗದ್ದೆ ದಾಟುವಾಗ ಅವನೇ ಮಾತು ಶುರು ಮಾಡಿದ.

“ಮೊನ್ನೆ ಮುಂಜಾನೆ ನಳಿಗಿ ತಪ್ಪಿ ತಿರುಮುರುವು ಹಾಕ್ಕೊಂಡೆ. ಅವಾಗ ತಿಳೀತು ನನಗ. ಆಮ್ಯಾಲ ಬಲಗಿವಿ ಒಂದರಲೇ ಎರಡೂ ಕೇಳಿ ಕೂಡ್ಸಿದ್ದೆ. ರೋಡಿಗೆ ಒಯ್ದು ಪ್ಲಗ್ಗು ಬಿಚ್ಚಿ ನೋಡಿದ್ದೆ. ಸರಿಯಾಗಿತ್ತವ್ವಾ ಅದು.”

ನಾನು ಅಳುತ್ತಿದ್ದೆ.

“ನಿಮಗ ಯಾವಾಗ ಗೊತ್ತಾಗಿತ್ತು?”

“ಶ್ರಾವಣದಾಗ.”

“ನಿಮ್ಮವ್ವಗೂ?”

“ಹೂಂ.”

ಅವನು ನಿಂತ. ಕೈಯಲ್ಲಿದ್ದ ಹತ್ಯಾರದ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

“ಕಿವಿ ಹೋದ್ರ ಹೋಗ್ಲಿ ಬಿಡು. ಎರಡು ತಿಂಗಳು ನನಗ ಹುಚ್ಚು ಹಿಡದೈತಿ ಅಂತ ತಿಳಕೊಂಡಿದ್ನಲ್ಲ, ಅದನ್ನ ನೀವು ನೋಡ್ಕೋತ ಹೆಂಗ ಕುಂತ್ರಿ?”

ಇಂದು ನನಗೂ ವಯಸ್ಸಾಗಿದೆ, ಮಕ್ಕಳು ಮೊಮ್ಮಕ್ಕಳು ಆಗಿದ್ದಾರೆ, ಇಂದೂ ಆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಪ್ರೀತಿಯಿಂದ ಮಾಡಿದೆವು ಎಂದು ಬೇಕಾದರೆ ಹೇಳಬಹುದು. ಆ ಮಾತನ್ನು ನಾನೇ ನಂಬುವುದಿಲ್ಲ. ಅವನಿಗೆ ಹೇಳುವುದಕ್ಕಿಂತ ಅವನನ್ನು ತಿದ್ದುವುದು ನಮಗೆ ಸುಲಭವಾಗಿತ್ತು, ಅದಕ್ಕೆ ಮಾಡಿದೆವು. ಅಂದಿನಿಂದ ಯಾರದೇ ತಪ್ಪನ್ನು ಅವರಿಗೆ ಕಾಣದಂತೆ ಸರಿಪಡಿಸಲು ನನ್ನ ಕೈ ಏಳುವುದಿಲ್ಲ. ಸೊಸೆಯ ಸಾರಿಗೆ ಉಪ್ಪು ಕಡಿಮೆಯಾದರೂ ಕರೆದು ಹೇಳುತ್ತೇನೆ. ಕಟುಮಾತಿನವಳು ಅನ್ನಿಸಿಕೊಂಡಿದ್ದೇನೆ.

ಅಪ್ಪ ಮತ್ತೆ ಯಾವ ಇಂಜಿನ್ನನ್ನೂ ಮುಟ್ಟಲಿಲ್ಲ. ಶೆಡ್ಡಿನ ಮುಂದೆ ಒಂದು ಗಾಳಿ ಪಂಪು, ಒಂದು ನೀರಿನ ಬುಟ್ಟಿ ಇಟ್ಟುಕೊಂಡು ಪಂಕ್ಚರ್ ತೆಗೆಯತೊಡಗಿದ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುವ ಕೆಲಸ. ಅದಕ್ಕೆ ಕಿವಿ ಬೇಡ, ಕಣ್ಣು ಸಾಕು. ಎದುರಿಗೆ ಲಾರಿಗಳು ಕೆಮ್ಮುತ್ತ ಹೋಗುತ್ತಿದ್ದವು, ಅವನು ತಲೆ ಎತ್ತುತ್ತಿರಲಿಲ್ಲ. ನನ್ನ ಮದುವೆಯಾಗಿ ನಾನು ರಾಯಬಾಗಕ್ಕೆ ಹೋಗುವ ಹೊತ್ತಿಗೆ ಅವನ ಬಲಗಿವಿಯೂ ಮಂದವಾಗಿತ್ತು.

ಆದರೆ ನಾನು ಹೇಳಬೇಕಾದದ್ದು ಆ ದಶಮಿಯ ಸಂಜೆಯದು. ಮನೆಗೆ ಬಂದಾಗ ಅವ್ವನಿಗೆ ಸುದ್ದಿ ಮೊದಲೇ ತಲುಪಿತ್ತು. ನೆರೆಯವರು ಬನ್ನಿ ಕೊಡಲು ಬಂದರು, ಬಂಗಾರದಂಗ ಇರೋಣ ಎಂದರು, ಅಪ್ಪ ಎಲ್ಲರಿಗೂ ಕೈ ಮುಗಿದ. ನಾನೂ ಎರಡು ಎಲೆ ಅವನ ಕೈಯಲ್ಲಿಟ್ಟು ಕಾಲಿಗೆ ಬಿದ್ದೆ. ತೆಗೆದುಕೊಂಡು ಜೇಬಿನಲ್ಲಿ ಹಾಕಿಕೊಂಡ. ಆಮೇಲೆ ಊಟ. ಅವ್ವ ಎಂದಿನಂತೆ ಗೋಡೆಯ ಬಳಿ ಅವನ ತಾಟು ಇಟ್ಟಿದ್ದಳು, ಅವನ ಬಲಕ್ಕೆ ಸ್ಟೋ, ಅವಳು, ನಾನು. ಅಪ್ಪ ಒಂದು ಕ್ಷಣ ನಿಂತು ಆ ಸ್ಟೋವನ್ನು ನೋಡಿದ. ಅದು ಶ್ರಾವಣದಲ್ಲಿ ಯಾಕೆ ಜಾಗ ಬದಲಿಸಿತ್ತು ಎಂಬುದು ಅವನಿಗೆ ಆಗ ತಿಳಿದಿರಬೇಕು. ತಾಟು ಎತ್ತಿಕೊಂಡು, ನಮ್ಮಿಬ್ಬರನ್ನೂ ಬಳಸಿ, ಆಚೆ ಬದಿಗೆ ಹೋಗಿ ಕೂತ. ಈಗ ನಾವಿಬ್ಬರೂ ಅವನ ಎಡಕ್ಕೆ. ಸಾಯುವ ತನಕ ಅವನು ಊಟಕ್ಕೆ ಕೂತದ್ದು ಅಲ್ಲಿಯೇ.

“ಅಲ್ಲೆ ಗಾಳಿ ಬರತೈತ್ರಿ, ಇತ್ತ ಬರ್ರಿ,” ಅಂದಳು ಅವ್ವ.

ಅವನು ಹೋಳಿಗೆ ಮುರಿದ.

“ಅಪ್ಪಾ, ತಪ್ಪಾತು,” ಅಂದೆ ನಾನು, ಅವನ ಎಡಗಿವಿಯ ಹತ್ತಿರ, ಇದ್ದಷ್ಟು ದನಿ ಕೂಡಿಸಿ.

ಅವನು ಸಾರಿನ ಬಟ್ಟಲಿಗೆ ಕೈಚಾಚಿದ.